ಪೊಟ್ಟಣದೊಳಗೆ ತುಕ್ಕು ಹಿಡಿಸುವ ವಿದ್ಯೆ

ದುಬಾರಿ ಖರ್ಜೂರದ ಪ್ಯಾಕೆಟ್ ಒಡೆದಾಗ ಕೆಲವೊಮ್ಮೆ ಒಳಗಿಂದ ಅಂಚೆಚೀಟಿಗಿಂತ ತುಸು ದೊಡ್ಡದಾದ ಬಿಳಿ ಪೊಟ್ಟಣವೊಂದು ಉದುರುತ್ತದೆ. ಮೇಲೆ ‘ತಿನ್ನಬೇಡಿ’ ಎಂದು ಬರೆದಿರುತ್ತದೆ. ಹೊಸ ಚಪ್ಪಲಿಯ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ಲೇ ಇರಬೇಕೆಂದು ಬಹಳ ಮಂದಿ ಅದನ್ನು ಬುಟ್ಟಿಗೆ ಹಾಕುತ್ತಾರೆ. ಕತ್ತರಿಸಿ ನೋಡಿದರೆ ಸಿಲಿಕಾದ ಹರಳುಗಳ ಬದಲು ಬೂದುಗಪ್ಪು ಪುಡಿ ಸಿಕ್ಕೀತು. ತಟ್ಟೆಗೆ ಸುರಿದರೆ ಪುಡಿ ಮೆಲ್ಲಗೆ ಬೆಚ್ಚಗಾಗುತ್ತದೆ, ದಿನ ಕಳೆದಂತೆ ಕಂದುಗೆಂಪಿಗೆ ತಿರುಗುತ್ತದೆ. ಅದು ಕಬ್ಬಿಣದ ಪುಡಿ. ತುಕ್ಕು ಹಿಡಿಯುವುದೇ ಅದರ ಕೆಲಸ. ಹಿಡಿಯುತ್ತ ಹಿಡಿಯುತ್ತ ಪ್ಯಾಕೆಟ್ಟಿನೊಳಗಿನ ಆಮ್ಲಜನಕವನ್ನೆಲ್ಲ ಕಬಳಿಸುತ್ತದೆ.

ಆಹಾರ ಕೆಡಿಸುವ ಆಮ್ಲಜನಕವನ್ನು ಪೊಟ್ಟಣದೊಳಗೇ ಹಿಡಿದು ಕಟ್ಟಿಹಾಕುವ ಈ ವಿದ್ಯೆಗೆ ಎಂಬತ್ತಕ್ಕೂ ಹೆಚ್ಚು ವರ್ಷ ವಯಸ್ಸಾಗಿದೆ. ಆರಂಭದಲ್ಲಿ ಲೋಹದ ಪುಡಿ ತಗಡಿನ ಡಬ್ಬಿಯೊಳಗಿತ್ತು. ಆಮೇಲೆ ಪುಟ್ಟ ಚೀಲಕ್ಕೆ, ಬಾಟಲಿಯ ಮುಚ್ಚಳಕ್ಕೆ, ಪ್ಲಾಸ್ಟಿಕ್ಕಿನ ಗೋಡೆಗೆ ದಾಟಿ, ಈಗ ಕೆಲವೇ ಪರಮಾಣುಗಳಷ್ಟು ದಪ್ಪದ ಲೇಪನವಾಗಿದೆ. ಗೋಡೆಯೊಳಗೆ ಸರಿದಷ್ಟೂ ಅದು ಕಣ್ಣಿಗೆ ಕಾಣದಾಯಿತು, ತಿನ್ನುವವರ ಭಯ ಕಡಿಮೆಯಾಯಿತು. ಆದರೆ ಅದು ನುಂಗಬಲ್ಲ ಆಮ್ಲಜನಕದ ಪ್ರಮಾಣ ಇಳಿಯಿತು, ತಯಾರಿಕೆ ಜಟಿಲವಾಯಿತು. ಈ ಕೊಡು-ಕೊಳ್ಳುವಿಕೆ ಇನ್ನೂ ಮುಗಿದಿಲ್ಲ.

ಆಮ್ಲಜನಕದ ಮೇಲೆ ಇಷ್ಟು ಹಗೆ ಯಾಕೆ? ಕರಿದ ತಿಂಡಿಗೆ ಕಮಟು ವಾಸನೆ ಬರುವುದು, ಹುರಿದ ಕಾಫಿಪುಡಿಯ ಘಮ ಹೋಗುವುದು, ಹಣ್ಣಿನ ರಸದ ಸಿ ಜೀವಸತ್ವ ಕರಗುವುದು, ಬ್ರೆಡ್ಡಿಗೆ ಬೂಷ್ಟು ಹಿಡಿಯುವುದು, ಬೇಳೆಯಲ್ಲಿ ಹುಳು ಆಡುವುದು ಎಲ್ಲಕ್ಕೂ ಅದು ಬೇಕು. ಎಷ್ಟು ಬೇಕೆಂಬುದು ಮಾತ್ರ ಪದಾರ್ಥದಿಂದ ಪದಾರ್ಥಕ್ಕೆ ಬೇರೆ. ಬಿಯರಿನ ರುಚಿ ಕೆಡಲು ಹತ್ತು ಲಕ್ಷ ಪಾಲಿನಲ್ಲಿ ಒಂದೆರಡು ಪಾಲು ಸಾಕು. ಅಡುಗೆ ಎಣ್ಣೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತಾಳಿಕೊಳ್ಳುತ್ತದೆ.

ಗಾಳಿಯನ್ನು ದೂರವಿಡಬೇಕೆಂಬುದು ಹಳೆಯ ತಿಳಿವಳಿಕೆ. ಉಪ್ಪಿನಕಾಯಿ ಜಾಡಿಯಲ್ಲಿ ಹೋಳು ಮುಳುಗುವಷ್ಟು ಎಣ್ಣೆ ನಿಲ್ಲಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಫ್ರಾನ್ಸಿನ ನಿಕೋಲಾ ಅಪೆರ್ ಗಾಜಿನ ಬಾಟಲಿಗೆ ಆಹಾರ ತುಂಬಿ, ಬಿರಡೆ ಬಿಗಿದು, ನೀರಿನಲ್ಲಿ ಕುದಿಸುವ ಕ್ರಮವನ್ನು ರೂಢಿಸಿ 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಆ ಬಾಟಲಿಗಳನ್ನು ಪರೀಕ್ಷಿಸಿದ ರಸಾಯನಶಾಸ್ತ್ರಜ್ಞ ಗೇ-ಲುಸಾಕ್, ಒಳಗೆ ಆಮ್ಲಜನಕ ಇಲ್ಲದ್ದರಿಂದಲೇ ಆಹಾರ ಕೆಡುತ್ತಿಲ್ಲ ಎಂದ. ಅಸಲು ಕಾರಣ ಕುದಿತದಲ್ಲಿ ಸತ್ತ ಸೂಕ್ಷ್ಮಜೀವಿಗಳು ಎಂಬುದು ಪಾಸ್ಚರನ ಕಾಲಕ್ಕೆ ಗೊತ್ತಾಯಿತು. ಗೇ-ಲುಸಾಕನ ಮಾತು ಅಪೆರನ ಬಾಟಲಿಗಳಿಗೆ ತಾಳೆಯಾಗದಿದ್ದರೂ ಕಾಫಿಪುಡಿಗೂ ಹಾಲಿನ ಪುಡಿಗೂ ಸರಿಯಾಗಿ ಹೊಂದುತ್ತದೆ.

ಡಬ್ಬಿಯೊಳಗೆ ಉಳಿದುಬಿಡುವ ಗಾಳಿಯ ಆಮ್ಲಜನಕವನ್ನು ಕಬ್ಬಿಣ, ಸತು, ಮ್ಯಾಂಗನೀಸ್‌ನಂಥ ಲೋಹಗಳಿಂದ ಹೀರಿಸುವ ಪೇಟೆಂಟ್ ದೊರೆತದ್ದು ಫಿನ್ಲೆಂಡಿನಲ್ಲಿ, 1938ರಲ್ಲಿ. ಎರಡನೆಯ ಮಹಾಯುದ್ಧ ಬಂದು ಹಾಲಿನ ಪುಡಿಗೆ ಎಲ್ಲಿಲ್ಲದ ಬೇಡಿಕೆ ಬಂದಾಗ ಈ ತೊಡಕು ನಿಜವಾಗಿ ಕಾಡತೊಡಗಿತು. ಡಬ್ಬಿಯ ಗಾಳಿ ಹೊರಹಾಕಿ ಸಾರಜನಕ ತುಂಬಿದರೂ ಕೆಲವು ದಿನಗಳಲ್ಲಿ ಒಳಗೆ ಮತ್ತೆ ಆಮ್ಲಜನಕ ಕಾಣಿಸಿಕೊಳ್ಳುತ್ತಿತ್ತು. ಸೋರಿಕೆ ಇರಲಿಲ್ಲ. ಪ್ರತಿ ಹಾಲುಪುಡಿ ಕಣದ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಗಾಳಿ ನಿಧಾನವಾಗಿ ಹೊರಬರುತ್ತಿತ್ತು, ಅಷ್ಟೆ. ಹಾಗಾಗಿ ಒಮ್ಮೆ ಅನಿಲ ತುಂಬಿ, ಕೆಲ ದಿನ ಇಟ್ಟು, ಎರಡನೆಯ ಸಲ ತುಂಬಿ ಮುಚ್ಚುವ ರೂಢಿ ಬಂತು. ಇಂಥ ಡಬ್ಬಿಗೆ ಒಳಗಿದ್ದುಕೊಂಡೇ ಕಾವಲು ಕಾಯುವ ಪದಾರ್ಥ ಬೇಕಿತ್ತು. ಸಾರಜನಕದ ಜೊತೆ ತುಸು ಜಲಜನಕ ಬೆರೆಸಿ, ಪಲ್ಲಾಡಿಯಂ ಲೋಹದ ಎದುರು ಅದನ್ನು ಆಮ್ಲಜನಕದೊಂದಿಗೆ ಕೂಡಿಸಿ ನೀರಾಗಿಸುವ ಉಪಾಯವನ್ನು ಐವತ್ತರ ದಶಕದಿಂದಲೇ ಹಾಲುಪುಡಿಯ ಡಬ್ಬಿಗಳಲ್ಲಿ ಪರೀಕ್ಷಿಸಿದರು. ಉಪಾಯ ಜಾಣತನದ್ದೇ. ಆದರೆ ವೆಚ್ಚ ಹೆಚ್ಚಾಗಿ ಮೂಲೆ ಸೇರಿತು. ಅದು ಅರ್ಧ ಶತಮಾನದ ಮೇಲೆ ಮರಳಿ ಬಂದ ಕತೆಯನ್ನು ಮುಂದೆ ಹೇಳುತ್ತೇನೆ.

ಪೇಟೆಯಲ್ಲಿ ಗೆದ್ದದ್ದು ಅಗ್ಗದ ಕಬ್ಬಿಣ. 1977ರಲ್ಲಿ ಜಪಾನಿನ ಮಿತ್ಸುಬಿಷಿ ಗ್ಯಾಸ್ ಕೆಮಿಕಲ್ ಕಂಪನಿ ‘ಏಜ್‌ಲೆಸ್’ ಎಂಬ ಪೊಟ್ಟಣವನ್ನು ಮಾರಾಟಕ್ಕೆ ತಂದಿತು. ಗಾಳಿಯಾಡುವ ಚೀಲದಲ್ಲಿ ನುಣ್ಣನೆಯ ಕಬ್ಬಿಣದ ಪುಡಿ, ತುಕ್ಕಿಗೆ ಚುರುಕು ಕೊಡಲು ಉಪ್ಪು, ತೇವ ಹಿಡಿದಿಡಲು ಇನ್ನೊಂದಿಷ್ಟು ಪದಾರ್ಥ, ಸರಕು ಇಷ್ಟೇ. ಲೆಕ್ಕವೂ ಸುಲಭ. ಒಂದು ಗ್ರಾಂ ಕಬ್ಬಿಣ ಪೂರ್ತಿ ತುಕ್ಕಾದರೆ ಸುಮಾರು 300 ಮಿಲಿಲೀಟರ್ ಆಮ್ಲಜನಕ ಹೀರುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21. ಅಂದರೆ ಒಂದು ಗ್ರಾಂ ಪುಡಿ ಸುಮಾರು 1.4 ಲೀಟರ್ ಗಾಳಿಯ ಆಮ್ಲಜನಕವನ್ನು ಹೀರಬಲ್ಲದು. ಅರ್ಧ ಲೀಟರ್ ಗಾಳಿಯಿರುವ ಪ್ಯಾಕೆಟ್ಟಿಗೆ ಅರ್ಧ ಗ್ರಾಮೂ ಬೇಡ. ನಿರ್ವಾತ ಮಾಡಿದರೂ ಸಾರಜನಕ ತುಂಬಿದರೂ ಶೇ. ಅರ್ಧದಿಂದ ಎರಡರಷ್ಟು ಆಮ್ಲಜನಕ ಉಳಿದೇ ಉಳಿಯುತ್ತದೆ. ಈ ಪುಡಿ ಅದನ್ನು ಒಂದೆರಡು ದಿನಗಳಲ್ಲಿ ಶೇ. 0.01ಕ್ಕಿಂತ ಕೆಳಗಿಳಿಸುತ್ತದೆ. ಬೂಷ್ಟಿಗೆ ಅಲ್ಲಿ ಬದುಕಿಲ್ಲ, ಹುಳುವಿಗೂ ಇಲ್ಲ.

ಬೇಸಿಗೆಯಲ್ಲಿ ಸೆಕೆಯೂ ತೇವವೂ ಕೂಡಿ ಕಾಡುವ ಜಪಾನಿನಲ್ಲಿ ಅಕ್ಕಿಯ ಮೋಚಿ, ಕೇಕು, ಒಣಮೀನುಗಳ ಜೊತೆ ಈ ಚೀಲ ಬಹು ಬೇಗ ಒಗ್ಗಿಹೋಯಿತು. ಅಮೆರಿಕದ ಸೈನ್ಯ ತನ್ನ ಬುತ್ತಿಯ ಬ್ರೆಡ್ ಪೊಟ್ಟಣದೊಳಗೆ ಇಂಥದೇ ಚೀಲ ಇಟ್ಟು ಬ್ರೆಡ್ಡನ್ನು ವರ್ಷಗಟ್ಟಲೆ ಕಾಯಿತು. ಆದರೆ ಯುರೋಪ್, ಅಮೆರಿಕದ ಅಂಗಡಿಗಳಲ್ಲಿ ಗ್ರಾಹಕರಿಗೆ ಇದು ಹಿಡಿಸಲಿಲ್ಲ. ಊಟದ ಜೊತೆ ಅಪರಿಚಿತ ಪುಡಿ ಯಾಕೆ, ಮಗು ಬಾಯಿಗೆ ಹಾಕಿಕೊಂಡರೆ ಏನು ಗತಿ ಎಂಬ ಅಳುಕು ಅವರದು. ಕಾರ್ಖಾನೆಯವರದ್ದು ಬೇರೆ ತಕರಾರು: ಕಬ್ಬಿಣವಿದ್ದರೆ ಲೋಹಪತ್ತೆ ಯಂತ್ರ ಪ್ರತಿ ಪ್ಯಾಕೆಟ್ಟಿಗೂ ಕೂಗಿಕೊಳ್ಳುತ್ತದೆ. ರಸ, ಬಿಯರುಗಳಲ್ಲಿ ಚೀಲ ತೇಲಿಸುವುದಂತೂ ಆಗದ ಮಾತು. ಹೀಗಾಗಿ, ಚೀಲ ಬೇಡ, ಗೋಡೆಯೇ ಆಮ್ಲಜನಕ ತಿನ್ನಲಿ ಎಂಬ ಕಡೆಗೆ ಸಂಶೋಧನೆ ಹೊರಳಿತು.

ಮುಂದಿನ ಎರಡು ದಶಕ ಪ್ಲಾಸ್ಟಿಕ್ ತಜ್ಞರ ಕಾಲ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಮೈಕೆಲ್ ರೂನಿ ಬೆಳಕು ಬಿದ್ದಾಗ ಆಮ್ಲಜನಕ ಹಿಡಿಯುವ ಹಾಳೆಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ ಕೆಲಸ ಮಾಡಿದರು. ಎಂಬತ್ತರ ದಶಕದ ಕೊನೆಗೆ ಬಂದ ‘ಆಕ್ಸ್‌ಬಾರ್’ ವಿಧಾನದಲ್ಲಿ ಪೆಟ್ ಬಾಟಲಿಗೆ ವಿಶೇಷ ನೈಲಾನ್ ಮತ್ತು ಚಿಟಿಕೆ ಕೋಬಾಲ್ಟ್ ಬೆರೆಸಿದರು. ನೈಲಾನ್ ತಾನೇ ಉತ್ಕರ್ಷಣಗೊಂಡು ಒಳಗಿನ ಪಾನೀಯವನ್ನು ಉಳಿಸುತ್ತಿತ್ತು. ಬಿಯರ್ ಬಾಟಲಿಯ ಮುಚ್ಚಳದ ಒಳಪದರಕ್ಕೆ ಸಲ್ಫೈಟ್, ಆಸ್ಕಾರ್ಬೇಟ್ ಸೇರಿತು. ಜಪಾನಿನ ಟೋಯೋ ಸೈಕನ್ ಕಂಪನಿ ಕಬ್ಬಿಣದ ಪುಡಿಯನ್ನೇ ಪ್ಲಾಸ್ಟಿಕ್ ಪದರದೊಳಗೆ ಹುದುಗಿಸಿ ಸಿದ್ಧ ಅನ್ನದ ತಟ್ಟೆ ಮಾಡಿತು.

ಅತ್ತ ಖನಿಜ ಲೇಪನವೆಂಬ ಇನ್ನೊಂದು ಕವಲು ಬೇರೆಯದೇ ಗುರಿ ಹಿಡಿದು ಬೆಳೆಯುತ್ತಿತ್ತು. ಅದರ ಉದ್ದೇಶ ಆಮ್ಲಜನಕವನ್ನು ತಿನ್ನುವುದಲ್ಲ, ತಡೆಯುವುದು. ಚಿಪ್ಸ್ ಪ್ಯಾಕೆಟ್ಟಿನ ಒಳಮೈಯ ಬೆಳ್ಳಿಬಣ್ಣ ಕೆಲವು ಹತ್ತು ನ್ಯಾನೋಮೀಟರ್ ದಪ್ಪದ ಅಲ್ಯೂಮಿನಿಯಂ ಲೇಪ. ಅದು ಅಪಾರದರ್ಶಕ, ಮೈಕ್ರೋವೇವಿಗೂ ಆಗದು. ಎಂಬತ್ತರ ದಶಕದಿಂದ ಜಪಾನಿನವರು ಸಿಲಿಕಾ, ಅಲ್ಯೂಮಿನಾ ಆವಿಯನ್ನು ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿ ಗಾಜಿನಂತೆ ಪಾರದರ್ಶಕವಾದ ಪದರ ಮಾಡಿದರು. ಆಕ್ಸ್‌ಫರ್ಡಿನ ಡರ್ಮಟ್ ಓಹೇರ್ ಅವರ ತಂಡ 2019ರಲ್ಲಿ ಪದರಪದರದ ಹೈಡ್ರಾಕ್ಸೈಡ್ ಖನಿಜದ ಹಾಳೆಗಳನ್ನು ನೀರಿನಲ್ಲಿ ಹದಮಾಡಿ ಪೆಟ್ ಹಾಳೆಗೆ ಬಳಿದಾಗ, ಅದರ ಮೂಲಕ ನುಸುಳುವ ಆಮ್ಲಜನಕ ಮಾಪಕಕ್ಕೂ ಸಿಗದಷ್ಟು ಇಳಿಯಿತು. ಇವೆಲ್ಲ ಒಳ್ಳೆಯ ಬಾಗಿಲುಗಳು. ಆದರೆ ಬಾಗಿಲು ಹಾಕುವ ಮೊದಲೇ ಒಳಗೆ ಸೇರಿಕೊಂಡ ಕಳ್ಳನನ್ನು ಬಾಗಿಲು ಏನೂ ಮಾಡಲಾರದು.

ಕಳ್ಳನನ್ನು ಹಿಡಿಯುವ ಖನಿಜಗಳ ಹುಡುಕಾಟ ಈ ಶತಮಾನದ ಕತೆ. 2004ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಸಂಶೋಧಕರು ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಕಣಗಳ ತೆಳು ಪದರದ ಮೇಲೆ ನೇರಳಾತೀತ ಬೆಳಕು ಬಿಟ್ಟು ಮುಚ್ಚಿದ ಜಾಗದ ಆಮ್ಲಜನಕ ಇಳಿಸಿ ತೋರಿಸಿದರು. ಬೆಳಕು ಬಿದ್ದಷ್ಟು ಹೊತ್ತು ಮಾತ್ರ ಕೆಲಸ, ಕತ್ತಲ ಗೋದಾಮಿನಲ್ಲಿ ಅದು ಸುಮ್ಮನೆ ಬಣ್ಣ. ಆಮ್ಲಜನಕದ ಕೊರತೆಯಿರುವಂತೆ ಸಿದ್ಧಪಡಿಸಿದ ಸೀರಿಯಂ ಆಕ್ಸೈಡ್ ಆ ಕೊರತೆಯನ್ನು ಪೊಟ್ಟಣದ ಆಮ್ಲಜನಕದಿಂದ ತುಂಬಿಕೊಳ್ಳುತ್ತದೆ. ಅದಕ್ಕೆ ತೇವವೂ ಬೇಡ, ಲೋಹಪತ್ತೆ ಯಂತ್ರದ ಕಾಟವೂ ಇಲ್ಲ. ಆದರೆ ತೂಕಕ್ಕೆ ತೂಕ ಹೋಲಿಸಿದರೆ ಕಬ್ಬಿಣದ ಹತ್ತಿರವೂ ಸುಳಿಯದು. ಸ್ಪೇನಿನ ವೆಲೆನ್ಸಿಯಾದ ಲಗರಾನ್ ಮತ್ತು ಬುಸೊಲೊ 2012ರಲ್ಲಿ ಕೇವೊಲಿನೈಟ್ ಜೇಡಿಗೆ ಕಬ್ಬಿಣ ಕೂಡಿಸಿ ಪಾಲಿಥೀನ್ ಜಾತಿಯ ಹಾಳೆಯಲ್ಲಿ ಬೆರೆಸಿದರು. ಜೇಡಿಯ ಚಪ್ಪಟೆ ಕಣಗಳು ಆಮ್ಲಜನಕದ ದಾರಿಯನ್ನು ಸುತ್ತುಬಳಸು ಮಾಡುತ್ತವೆ, ಅದಕ್ಕಂಟಿದ ಕಬ್ಬಿಣ ದಾರಿಯಲ್ಲೇ ಅದನ್ನು ಹಿಡಿಯುತ್ತದೆ. ತಡೆ ಮತ್ತು ಬೇಟೆ ಒಂದೇ ಕಣದಲ್ಲಿ ಕೂಡಿದ್ದು ನನಗೆ ಹಿಡಿಸಿದ ಸಂಗತಿ.

ಮೂಲೆ ಸೇರಿದ್ದ ಪಲ್ಲಾಡಿಯಂ ಎದ್ದು ಬಂದದ್ದು ಸ್ವಿಟ್ಜರ್ಲೆಂಡಿನ ವೇಡೆನ್ಸ್‌ವಿಲ್‌ನಲ್ಲಿ. ಅಲ್ಲಿನ ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯದ ಸೆಲ್ಚುಕ್ ಯಿಲ್ದಿರಿಮ್ ಅವರ ತಂಡ ಎದುರಿಸಿದ ಸಮಸ್ಯೆ ಹೋಳು ಮಾಡಿದ ಹ್ಯಾಮ್. ಅಂಗಡಿಯ ದೀಪದಡಿ ಶೇ. 1ಕ್ಕಿಂತ ಕಡಿಮೆ ಆಮ್ಲಜನಕ ಉಳಿದಿದ್ದರೂ ಅದರ ಗುಲಾಬಿ ಬಣ್ಣ ಬೂದಿಗೆ ತಿರುಗುತ್ತದೆ. ಇದು ಗಂಟೆಗಳಲ್ಲಿ ಆಗಿಬಿಡುತ್ತದೆ. ಕಬ್ಬಿಣದ ಚೀಲ ಕೆಲಸ ಮುಗಿಸುವಷ್ಟರಲ್ಲಿ ಹ್ಯಾಮ್ ಮಂಕಾಗಿರುತ್ತದೆ. ಅವರು ಪೆಟ್ ಹಾಳೆಯ ಮೇಲೆ ಸಿಲಿಕಾ ಪದರ ಕೂರಿಸಿ, ಅದರ ಮೇಲೆ ನಿರ್ವಾತದಲ್ಲಿ ಸುಮಾರು ಒಂದು ನ್ಯಾನೋಮೀಟರ್ ದಪ್ಪ ಪಲ್ಲಾಡಿಯಂ ಎರಚಿದರು. ಪೊಟ್ಟಣಕ್ಕೆ ತುಂಬುವ ಸಾರಜನಕದಲ್ಲಿ ಹೊತ್ತಿಕೊಳ್ಳದಷ್ಟು, ಶೇ. 5ರಷ್ಟು ಜಲಜನಕ ಸೇರಿಸಿದರು. ಎರಡು ಪಾಲು ಜಲಜನಕ ಒಂದು ಪಾಲು ಆಮ್ಲಜನಕವನ್ನು ನೀರಾಗಿಸುತ್ತದೆ, ಹಾಗಾಗಿ ಉಳಿಕೆಗೆ ಅದು ಧಾರಾಳ. ಒಂದು ಗಂಟೆಯೊಳಗೆ ಆಮ್ಲಜನಕ ಮಾಯವಾಯಿತು, 21 ದಿನ ಬಣ್ಣ ನಿಂತಿತು.

ಪಲ್ಲಾಡಿಯಂ ಚಿನ್ನದ ಜಾತಿಯ ಬೆಲೆಯದು ಎಂದು ಹೆದರುವವರಿಗೆ ಒಂದು ಲೆಕ್ಕ: ಒಂದು ನ್ಯಾನೋಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಬೇಕಾಗುವುದು ಸುಮಾರು 12 ಮಿಲಿಗ್ರಾಂ. ಅದು ವೇಗವರ್ಧಕ ಮಾತ್ರ, ತುಕ್ಕಿನಂತೆ ತಾನೇ ಖರ್ಚಾಗುವುದಿಲ್ಲ. ತೆಳು ಲೇಪನದ ಮೂಲ ಬಡತನವನ್ನು, ಅಂದರೆ ಹೊಟ್ಟೆ ಚಿಕ್ಕದೆಂಬುದನ್ನು, ದಾಟಿದ ದಾರಿ ಇದೊಂದೇ ಎನ್ನಬೇಕು. ಅದಕ್ಕೂ ಶತ್ರುವುಂಟು. ಆಹಾರದಿಂದ ಹೊಮ್ಮುವ ಗಂಧಕದ ಆವಿಗಳು ಪಲ್ಲಾಡಿಯಂ ಮೈಗೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಇದನ್ನು ಅದೇ ತಂಡ 2017ರಲ್ಲಿ ಪ್ರಕಟಿಸಿತು. ಬೆಳ್ಳುಳ್ಳಿ, ಈರುಳ್ಳಿ, ಇಂಗು ಬಿದ್ದ ನಮ್ಮ ಅಡುಗೆಯ ಮುಂದೆ ಈ ಲೇಪನ ಎಷ್ಟು ಹೊತ್ತು ನಿಂತೀತು ಎಂದು ಯಾರಾದರೂ ಪರೀಕ್ಷಿಸಬೇಕು. ಮೈಸೂರಿನಲ್ಲೇ 1950ರಿಂದ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ, 1961ರಿಂದ ಸೈನ್ಯದ ಆಹಾರಕ್ಕೆಂದೇ ಡಿಎಫ್‌ಆರ್‌ಎಲ್ ಇವೆ; ಆ ಪ್ರಶ್ನೆಗೆ ಇವಕ್ಕಿಂತ ತಕ್ಕ ಜಾಗ ಬೇರೆ ತೋಚದು.

ಉತ್ಸಾಹದ ಬರಹಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಅಪಾಯವಿದೆ. ಆಮ್ಲಜನಕ ತೆಗೆದರೆ ಬೂಷ್ಟು ಸಾಯುತ್ತದೆ, ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾಕ್ಕೆ ಮಾತ್ರ ಅದೇ ಹಬ್ಬ. ತೇವ ಹೆಚ್ಚಿದ್ದು, ಹುಳಿ ಕಡಿಮೆಯಿದ್ದು, ಸರಿಯಾಗಿ ಬೇಯಿಸದ ಆಹಾರವನ್ನು ಫ್ರಿಜ್ಜಿನ ಹೊರಗೆ ಆಮ್ಲಜನಕವಿಲ್ಲದೆ ಮುಚ್ಚಿಟ್ಟರೆ ಅದು ವಿಷ ಹುಟ್ಟಿಸಬಹುದು. ಬೂಷ್ಟು, ದುರ್ವಾಸನೆಗಳು ಆಹಾರ ಕೆಟ್ಟಿದೆ ಎಂದು ಸಾರುವ ಡಂಗುರಗಳು; ಅವನ್ನು ಅಡಗಿಸಿದ ಮೇಲೆ ಕಣ್ಣಿಗೆ, ಮೂಗಿಗೆ ಗೊತ್ತಾಗುವ ಗುರುತೇ ಇರುವುದಿಲ್ಲ. ಮನೆಯಲ್ಲಿ ತಿಂಡಿ ಮಾಡಿ ಮಾರುವವರು ಆನ್‌ಲೈನಿನಲ್ಲಿ ಈ ಚೀಲ ತರಿಸಿ, ಚಕ್ಕುಲಿಗೆ ಹಾಕಿದಂತೆ ಹೋಳಿಗೆಗೂ ಹಾಕಿದರೆ ಅದು ಜಾಣತನವಲ್ಲ.

ಯುರೋಪ್ 2009ರ ನಿಯಮದಲ್ಲೇ ಇಂಥ ಸಕ್ರಿಯ ಪೊಟ್ಟಣಗಳಿಗೆ ಪ್ರತ್ಯೇಕ ಕಟ್ಟಳೆ ಮಾಡಿ, ತಿನ್ನುವುದೆಂದು ತಪ್ಪು ತಿಳಿಯಬಹುದಾದ ಭಾಗಗಳ ಮೇಲೆ ‘ತಿನ್ನಬೇಡಿ’ ಬರೆಯುವುದನ್ನು ಕಡ್ಡಾಯ ಮಾಡಿದೆ. ಈಗಿನ ದೊಡ್ಡ ಒತ್ತಡ ಮರುಬಳಕೆಯದು. 2025ರ ಯುರೋಪಿನ ಪ್ಯಾಕೇಜಿಂಗ್ ಕಾನೂನು 2030ರ ಹೊತ್ತಿಗೆ ಮಾರುಕಟ್ಟೆಯ ಪೊಟ್ಟಣಗಳೆಲ್ಲ ಮರುಬಳಕೆಗೆ ಬರುವಂತಿರಬೇಕು ಎನ್ನುತ್ತದೆ. ನೈಲಾನ್ ಬೆರೆಸಿದ ಪೆಟ್ ಕರಗಿಸಿದಾಗ ಹಳದಿಗೆ ತಿರುಗುತ್ತದೆ. ಐದಾರು ಬಗೆಯ ಪ್ಲಾಸ್ಟಿಕ್ ಅಂಟಿಸಿದ ತಟ್ಟೆ ಬಿಡಿಸಲು ಬರುವುದಿಲ್ಲ. ಒಂದೇ ಜಾತಿಯ ಪ್ಲಾಸ್ಟಿಕ್ಕಿನ ಮೇಲೆ ಕೆಲವು ನ್ಯಾನೋಮೀಟರ್ ಖನಿಜ ಎಂಬ ಮಾದರಿಗೆ ಇಲ್ಲಿ ಮೇಲುಗೈ. ಅಷ್ಟು ತೆಳು ಪದರ ಮರುಕರಗಿಸುವಾಗ ಲೆಕ್ಕಕ್ಕೆ ಬರುವುದು ಕಷ್ಟ. ಹ್ಯಾಮ್, ರಸ, ಬಿಯರ್‌ನಂಥ ಆತುರದ ಸರಕುಗಳಲ್ಲಿ ಲೇಪನ ನೆಲೆ ಕಂಡುಕೊಂಡೀತು ಎಂಬುದು ನನ್ನ ಅಂದಾಜು. ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರುವ ಒಣಹಣ್ಣು, ತಿಂಡಿಗಳಿಗೆ ಮಾತ್ರ ಕಬ್ಬಿಣದ ಪುಡಿಯ ಬೆಲೆಗೂ ಹೊಟ್ಟೆಗೂ ಎದುರು ನಿಲ್ಲುವ ಲೇಪನ ಇನ್ನೂ ಬಂದಿಲ್ಲ.