ಕಪ್ಪಡಕಳಿ ಅಂದರ ಏನು?

ಸೊಲ್ಲಾಪುರದ ಸಿದ್ಧರಾಮೇಶ್ವರನ ಗಡ್ಡಾ ಜಾತ್ರಿ ಸಂಕ್ರಮಣದ ಹಿಂದ ಮುಂದ ಐದು ದಿವಸ ನಡೆಯುತ್ತದೆ. ನೋಡಿದವರು ಬಹಳ. ಆದರ ಅಲ್ಲಿ ಯಾರಿಗೆ ಯಾವ ಅರಿವಿ, ಯಾಕ ಅಂತ ಕೇಳಿದವರು ಕಡಿಮಿ.

ಏಳು ನಂದಿಧ್ವಜಗಳ ಸಂಗಾಟ ನಡೆಯುವವರು ಬಿಳಿ ಬಾರಾಬಂದಿ ತೊಡುತ್ತಾರೆ. ಬಾರಾ ಅಂದರ ಹನ್ನೆರಡು, ಬಂದಿ ಅಂದರ ಕಟ್ಟು. ಗುಂಡಿ ಇಲ್ಲದ ಅಂಗಿ. ಎದಿ ಮ್ಯಾಲ ಒಂದರ ಮ್ಯಾಲೊಂದು ತಂದು ಲಾಡಿಯಿಂದ ಬಿಗಿಯಬೇಕು. ಹಿಂದಕ ಹೊಲಕ್ಕೂ ಸಂತಿಗೂ ಇದೇ ಇತ್ತು. ಗುಂಡಿ ಅಂಗಿ ಬಂದ ಮ್ಯಾಲ ಊರಾಗಿಂದ ಹೋಯಿತು, ಜಾತ್ರಿಯೊಳಗ ಉಳಿಯಿತು. ಹಳೇ ಫ್ಯಾಷನ್ನು ದೇವರ ಮರಿ ಸೇರಿ ಜೀವ ಉಳಿಸಿಕೊಂಡಿತು ನೋಡ್ರಿ.

ಇನ್ನು ಮದಿವಿ ಅರಿವಿ. 12ನೇ ಶತಮಾನದ ಸಿದ್ಧರಾಮ ಯೋಗಿ. ದಿನಾ ಅವನ ಅಂಗಳಕ್ಕ ರಂಗೋಲಿ ಹಾಕುತ್ತಿದ್ದ ಕುಂಬಾರರ ಹುಡುಗಿ ಅವನನ್ನೇ ಲಗ್ನ ಆಗತೀನಿ ಅಂದಳಂತ. ನಾನು ಒಲ್ಲೆ, ನನ್ನ ಯೋಗದಂಡಕ್ಕ ಮದಿವ್ಯಾಗು ಅಂದನಂತ ಇವನು. ಇದು ಕಥಿ. ಆ ದಂಡವೇ ನಂದಿಧ್ವಜ ಅಂತ ತಿಳಿದು ಕೋಲಿಗೆ ಅರಿವಿ ಸುತ್ತಿ ಮದುಮಗನಂಗ ಬಾಸಿಂಗ ಕಟ್ಟುತ್ತಾರೆ. ಸಮ್ಮತಿ ಕಟ್ಟಿ ಹತ್ತಿರ ಅಕ್ಷತಾ ಬೀಳುತ್ತವೆ. ಮರುದಿವಸ ಹೋಮಕ್ಕ ಸಜ್ಜಿ ದಂಟಿನ ಸೂಡನ್ನ ಮದುಮಗಳು ಮಾಡಿ, ಸೀರಿ ಉಡಿಸಿ, ತಾಳಿ ಕಟ್ಟಿ, ಅಗ್ನಿಗೆ ಕೊಡುತ್ತಾರೆ. ಹೊಲದ ಸಜ್ಜಿ ದಂಟು ಅಷ್ಟು ಸಿಂಗಾರ ಕಾಣೋದು ವರ್ಷಕ್ಕ ಅದೊಂದೇ ದಿವಸ. ಆ ಹುಡುಗಿ ಪಾಲಿಗೆ ಬಂದದ್ದು ಮಾತ್ರ ಉರಿ. ನನಗ ಪ್ರತಿ ಸಲ ಕೆಟ್ಟ ಅನಸತದ.

ಕಡಿ ದಿವಸದ ವಿಧಿಗೆ ಹೆಸರು ಕಪ್ಪಡಕಳಿ. ಮರಾಠಿ ಪೇಪರಿನವರು ಪಕ್ಕದಾಗ ವಸ್ತ್ರವಿಸರ್ಜನ ಅಂತ ಅರ್ಥ ಬರೆಯುತ್ತಾರೆ. ನಮ್ಮ ಹುಡುಗರೂ ಅದನ್ನ ಓದೇ ತಿಳಕೋತಾರ. ಹಳೇ ಕನ್ನಡದಾಗ ಕಪ್ಪಡ ಅಂದರ ಬಟ್ಟಿ. ಕಳಿ ಅಂದರ ಕಳಚು, ತೆಗಿ. ಕೋಲಿನ ಮದಿವಿ ಅರಿವಿ ಬಿಚ್ಚೋದು. ಮೊದಲ ದಿವಸದ 'ಯಣ್ಣೀಮಜ್ಜನ'ವೂ ನಮ್ಮ ಎಣ್ಣೆಮಜ್ಜನವೇ. 68 ಲಿಂಗಗಳಿಗೆ ಅಂದು ಎಣ್ಣಿ ಹಚ್ಚುತ್ತಾರೆ. 1956ರಾಗ ರಾಜ್ಯಗಳ ಗಡಿ ಬರೆದಾಗ ಸೊಲ್ಲಾಪುರ ಮುಂಬಯಿ ಕಡೆ ಉಳಿಯಿತು, 1960ಕ್ಕ ಮಹಾರಾಷ್ಟ್ರ ಆಯಿತು. ಜಾತ್ರಿಯ ಈ ಹೆಸರುಗಳನ್ನ ಯಾರೂ ಬದಲಿ ಮಾಡಲಿಲ್ಲ. ಮರಾಠಿ ಮಾತಾಡುವವರೂ, ತೆಲುಗು ಮಾತಾಡುವ ಪದ್ಮಸಾಲಿ ನೇಕಾರರೂ ಕಪ್ಪಡಕಳಿ ಅಂತಲೇ ಅಂತಾರ. ನಮ್ಮ ಮ್ಯಾಳದ ಪದ ಶುರುವಾಗೋ ಮೊದಲು ನಾನು ಈ ಎರಡು ಶಬ್ದ ಬಿಡಿಸಿ ಹೇಳತೀನಿ. ಹುಡುಗರು ನಗತಾರ, ಆಮ್ಯಾಲ ಇನ್ನೊಂದು ಹೇಳು ಅಜ್ಜಾ ಅಂತಾರ.