ಮಧುತ್ಯಾಗದಿಂದ ರೇಷ್ಮೆಯವರೆಗೆ: ಶ್ರಾವಕಾಚಾರದ ಒಂದು ಇತಿಹಾಸ

ಜೈನ ಶ್ರಾವಕನ ಅಹಿಂಸಾವ್ರತವು ಅಡುಗೆಮನೆಯಲ್ಲಿ ಆರಂಭವಾದರೂ ಅಲ್ಲಿಯೇ ಮುಗಿಯುವುದಿಲ್ಲ. ತಿನ್ನುವ ವಸ್ತುವಿನಂತೆಯೇ ಉಡುವ, ಲೇಪಿಸುವ, ಮಾರುವ ವಸ್ತುವಿನ ಮೂಲವನ್ನೂ ವಿಚಾರಿಸಬೇಕೆಂಬುದು ಪೂರ್ವಾಚಾರ್ಯರ ಅಭಿಪ್ರಾಯ. ಇಂದು ‘ವೀಗನ್’ ಎಂದು ಪ್ರಚಾರದಲ್ಲಿರುವ ಜೀವನಕ್ರಮವು ಹಲವರಿಗೆ ಪರದೇಶದ ನೂತನ ವ್ರತದಂತೆ ತೋರುತ್ತದೆ. 1944ರಲ್ಲಿ ಇಂಗ್ಲೆಂಡಿನಲ್ಲಿ ಆ ಹೆಸರು ಹುಟ್ಟಿದ್ದು ನಿಜ. ಅದರ ಹಿಂದಿನ ಪ್ರಶ್ನೆ ಮಾತ್ರ ಶ್ರಾವಕಾಚಾರ ಗ್ರಂಥಗಳಿಗೆ ಹೊಸದಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಅಷ್ಟ ಮೂಲಗುಣಗಳಲ್ಲಿ ಪಂಚಾಣುವ್ರತಗಳ ಜೊತೆಗೆ ಮದ್ಯ, ಮಾಂಸ, ಮಧುಗಳ ತ್ಯಾಗವೂ ಸೇರಿದೆ. ಜೇನುತುಪ್ಪ ಮಾಂಸವಲ್ಲ, ಆದರೂ ಅದನ್ನು ಮಾಂಸದ ಸಾಲಿನಲ್ಲಿಯೇ ನಿಲ್ಲಿಸಲಾಯಿತು. ಗೂಡನ್ನು ಹಿಂಡುವಾಗ ನಾಶವಾಗುವ ಹುಳುಗಳ ಲೆಕ್ಕವನ್ನು ಆಚಾರ್ಯರು ಮರೆಯಲಿಲ್ಲ. ವಸ್ತು ಎಷ್ಟು ಸಿಹಿ ಎಂಬುದಕ್ಕಿಂತ ಅದು ಹೇಗೆ ಬಂತು ಎಂಬುದು ಅವರಿಗೆ ಮುಖ್ಯವಾಯಿತು.

ಇದೇ ವಿವೇಚನೆ ವ್ಯಾಪಾರಕ್ಕೂ ಅನ್ವಯಿಸಿತು. ಶ್ರಾವಕನು ತ್ಯಜಿಸಬೇಕಾದ ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯ, ಲಾಕ್ಷಾವಾಣಿಜ್ಯ, ಕೇಶವಾಣಿಜ್ಯಗಳಿವೆ. ಆನೆಯ ದಂತ, ಕೀಟಗಳಿಂದ ದೊರೆಯುವ ಅರಗು ಲಾಭದಾಯಕ ಸರಕುಗಳೇ ಆಗಿದ್ದವು. 13ನೆಯ ಶತಮಾನದಲ್ಲಿ ಸಾಗಾರಧರ್ಮಾಮೃತವನ್ನು ರಚಿಸಿದ ಪಂಡಿತ ಆಶಾಧರರು ಈ ಪಟ್ಟಿಯನ್ನು ಉಲ್ಲೇಖಿಸಿ, ಸಾವದ್ಯ ಕರ್ಮಗಳು ಲೋಕದಲ್ಲಿ ಅಗಣಿತವಾದ್ದರಿಂದ ಹದಿನೈದೆಂದು ಎಣಿಸುವುದು ಯುಕ್ತವಲ್ಲವೆಂದು ಸೂಚಿಸಿದರು. ಎಂದರೆ ಆಯಾ ಕಾಲದ ವ್ಯಾಪಾರಿಯು ತನ್ನ ಅಂಗಡಿಯನ್ನು ತಾನೇ ಪರೀಕ್ಷಿಸಿಕೊಳ್ಳಬೇಕು.

1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯ ಕಥೆ ಕನ್ನಡ ಶ್ರಾವಕರಿಗೆ ಪರಿಚಿತವಾದದ್ದು. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಗಾಗಿ ತಾಯಿ ಮಕ್ಕಳು ಜನ್ಮಜನ್ಮಾಂತರಗಳ ದುಃಖ ಅನುಭವಿಸಿದರು. ಅಲ್ಲಿ ಸಂಕಲ್ಪವಿತ್ತು, ಬಲಿಯಾದದ್ದು ಹಿಟ್ಟು. ಇಂದಿನ ಗ್ರಾಹಕನಲ್ಲಿ ಸಂಕಲ್ಪವಿಲ್ಲ, ಜೀವ ಮಾತ್ರ ಹೋಗುತ್ತದೆ. ತಿಳಿಯದೆ ಕೊಂಡಾಗ ಈ ಸಮಾಧಾನ ಸಲ್ಲಬಹುದು. ತಿಳಿದ ಮೇಲೂ ಕೊಂಡರೆ ಕೃತ, ಕಾರಿತ, ಅನುಮೋದನೆಗಳಲ್ಲಿ ಕೊನೆಯದಾದರೂ ಅಂಟದೆ ಇರದು.

ರೇಷ್ಮೆಯ ವಿಷಯ ಇಲ್ಲಿ ಮುಖ್ಯವಾಗುತ್ತದೆ. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪುಸುಲ್ತಾನನ ಪ್ರೋತ್ಸಾಹದಿಂದ ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿ ಬೆಳೆಯಿತು. 1912ರಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಸ್ಥಾಪನೆಯಾಯಿತು. ಚಿಟ್ಟೆ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುವುದರಿಂದ, ನೂಲು ಬಿಚ್ಚುವ ಮೊದಲೇ ಒಳಗಿನ ಹುಳುವನ್ನು ಹಬೆ ಅಥವಾ ಬಿಸಿಗಾಳಿಯಿಂದ ಕೊಲ್ಲಲಾಗುತ್ತದೆ. ಒಂದು ಕಿಲೋ ನೂಲಿಗೆ ಸಾಧಾರಣವಾಗಿ ಆರೇಳು ಕಿಲೋ ಗೂಡು ಬೇಕು. ಒಂದು ಕಿಲೋದಲ್ಲಿ 500ಕ್ಕೂ ಹೆಚ್ಚು ಗೂಡುಗಳಿರುತ್ತವೆ. ಆದ್ದರಿಂದ ಒಂದು ಕಿಲೋ ನೂಲಿನ ಹಿಂದೆ 3000ಕ್ಕೂ ಮಿಕ್ಕಿದ ಜೀವಗಳ ನಾಶವಿದೆ. ಅದನ್ನುಟ್ಟು ಅಹಿಂಸೆಯ ತೀರ್ಥಂಕರರ ಮುಂದೆ ನಿಲ್ಲುವುದನ್ನೇ ‘ಮಡಿ’ ಎನ್ನಲಾಗುತ್ತಿದೆ.

ಪರಿಹಾರಗಳೂ ಹುಟ್ಟಿವೆ. ಹೈದರಾಬಾದಿನ ಕುಸುಮ ರಾಜಯ್ಯನವರು ಚಿಟ್ಟೆ ಹಾರಿಹೋದ ಗೂಡಿನಿಂದ ನೂಲು ತೆಗೆಯುವ ಕ್ರಮವನ್ನು ರೂಢಿಸಿ ‘ಅಹಿಂಸಾ ರೇಷ್ಮೆ’ಯನ್ನು ಪ್ರಚುರಪಡಿಸಿದರು. ಅದರ ಬೆಲೆ ಹೆಚ್ಚು. ಹತ್ತಿಯೋ ಎಲ್ಲರಿಗೂ ಎಟಕುವಂಥದು. ಪುಣೆಯಲ್ಲಿ 1974ರಲ್ಲಿ ಆರಂಭವಾದ ‘ಬ್ಯೂಟಿ ವಿದೌಟ್ ಕ್ರುಯೆಲ್ಟಿ’ ಸಂಸ್ಥೆಯು ರೇಷ್ಮೆ, ಚರ್ಮ, ಸೌಂದರ್ಯವರ್ಧಕಗಳ ಹಿಂದಿನ ಹಿಂಸೆಯನ್ನು ಜನರ ಮುಂದಿಟ್ಟಿತು. ಆಹಾರದ ಪೊಟ್ಟಣಗಳ ಮೇಲೆ ಸಸ್ಯಾಹಾರದ ಹಸಿರು ಚಿಹ್ನೆ ಜಾರಿಗೆ ಬಂತು. 2014ರಲ್ಲಿ ಭಾರತ ಸರ್ಕಾರವು ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. 2022ರಲ್ಲಿ ವೀಗನ್ ಆಹಾರಕ್ಕೂ ಪ್ರತ್ಯೇಕ ನಿಯಮಾವಳಿ ಪ್ರಕಟವಾಯಿತು. ಕೊಳ್ಳುವವನಿಗೆ ತಿಳಿಯುವ ಮಾರ್ಗ ಹಿಂದಿಗಿಂತ ಇಂದು ಸುಗಮವಾಗಿದೆ.

ಆದರೂ ಒಂದೇ ದಿನದಲ್ಲಿ ಎಲ್ಲವನ್ನೂ ಬಿಡೆಂದು ಶಾಸ್ತ್ರ ಗೃಹಸ್ಥನನ್ನು ಒತ್ತಾಯಿಸುವುದಿಲ್ಲ. ದರ್ಶನಪ್ರತಿಮೆಯಿಂದ ಉದ್ದಿಷ್ಟತ್ಯಾಗದವರೆಗೆ ಹನ್ನೊಂದು ಮೆಟ್ಟಿಲುಗಳಿವೆ. ಮನೆಯಲ್ಲಿರುವ ಹಳೆಯ ಪಟ್ಟೆಸೀರೆಯನ್ನು ಸುಡಬೇಕಿಲ್ಲ; ಹೊಸದನ್ನು ಕೊಳ್ಳದಿರುವುದು ಮೊದಲ ಮೆಟ್ಟಿಲು. ಚರ್ಮದ ಪಾದರಕ್ಷೆ, ಕೈಚೀಲಗಳು ಸವೆದಂತೆ ಬೇರೆಯದಕ್ಕೆ ತಿರುಗುವುದು ಎರಡನೆಯದು. ಹಾಲಿನ ಪ್ರಶ್ನೆ ಕಠಿಣವಾದದ್ದು. ಕರುವಿನ ಪಾಲನ್ನೂ ಬತ್ತಿದ ಹಸುವಿನ ಗತಿಯನ್ನೂ ವಿಚಾರಿಸುವುದರಿಂದಲಾದರೂ ಅದನ್ನು ಆರಂಭಿಸಬಹುದು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇತಿಹಾಸದಲ್ಲಿ ಮಾದರಿಯಿದೆ. 17ನೆಯ ಶತಮಾನದಲ್ಲಿ ಆಗ್ರಾ ಹಾಗೂ ಇಂದಿನ ಜಯಪುರ ಪ್ರಾಂತದಲ್ಲಿ ಪ್ರಬಲವಾದ ದಿಗಂಬರ ತೇರಾಪಂಥವು ಪೂಜೆಯಲ್ಲಿ ಹೂವಿನ ಬದಲು ಕೇಸರಿ ಬಣ್ಣದ ಅಕ್ಕಿಯನ್ನು ಅರ್ಪಿಸಿತು. ಕರ್ನಾಟಕದ ಪೂಜಾಪದ್ಧತಿ ಬೇರೆಯಾದರೂ, ಹಿಂಸೆಯನ್ನು ಕಡಿಮೆಮಾಡಲು ದ್ರವ್ಯವನ್ನು ಬದಲಿಸಿದರೆ ಪೂಜೆಗೆ ಕುಂದಾಗದೆಂಬುದಕ್ಕೆ ಇದು ನಿದರ್ಶನ. ಚಮರೀಮೃಗದ ಬಾಲದ ಚಾಮರಕ್ಕೆ ಬದಲಾಗಿ ನಾರಿನದು, ಪಟ್ಟೆಗೆ ಬದಲಾಗಿ ಶುಭ್ರವಾದ ಹತ್ತಿಯ ಪಂಚೆ ಸಾಲದೇ?

ದಿಗಂಬರ ಮುನಿಗಳ ಪಿಂಛಿಗೆ ನವಿಲು ತಾನಾಗಿ ಉದುರಿಸಿದ ಗರಿಯೇ ಗ್ರಾಹ್ಯ. ಸರ್ವಸ್ವವನ್ನೂ ತೊರೆದವರು ಒಂದು ಗರಿ ಬಂದ ಬಗೆಯನ್ನು ವಿಚಾರಿಸುತ್ತಾರೆ. ಎಲ್ಲವನ್ನೂ ಹೊಂದಿರುವ ಗೃಹಸ್ಥನು ತಾನು ಉಟ್ಟ ಬಟ್ಟೆ ಬಂದ ಬಗೆಯನ್ನು ಒಮ್ಮೆಯಾದರೂ ವಿಚಾರಿಸುವುದು ಯುಕ್ತವಾಗಿದೆ.