ದಂತ ಹೋಗಿ ಪ್ಲಾಸ್ಟಿಕ್ ಬಂತು

ತಂಬೂರಿಯ ಮೈಮೇಲಿನ ಬಿಳಿಯ ಹೂಬಳ್ಳಿಯನ್ನು ಕಂಡಾಗ ಮೊದಲು ನೆನಪಾಗುವುದು ಆನೆಯ ದಂತ. ಆದರೆ ಇಂದು ಆ ಜಾಗದಲ್ಲಿ ಇರುವುದು ಪ್ಲಾಸ್ಟಿಕ್. ವಿದೇಶದ ಎಲೆಕ್ಟ್ರಿಕ್ ಗಿಟಾರಿಗೂ ನಮ್ಮ ತಂಬೂರಿಗೂ ನಂಟು ಬೆಸೆದಿರುವುದು ಈ ಪ್ಲಾಸ್ಟಿಕ್ಕೇ.

ಬನಹಟ್ಟಿಯವರಿಗೆ ತಂಬೂರಿಯ ತವರು ದೂರವಲ್ಲ. ಕುಡಚಿಗೆ ಹೋಗಿ ರೈಲು ಹಿಡಿದರೆ ಮಿರಜ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿನ ಶಿಕಲಗಾರರು, ಅಂದರೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದವರು, ವಾದ್ಯ ತಯಾರಿಕೆಗೆ ಕೈ ಹಾಕಿದರು. ಅವರಲ್ಲಿ ಫರೀದಸಾಹೇಬರ ಹೆಸರು ಮೊದಲಿನದು. ಪಂಢರಪುರ, ಮಂಗಳವೇಢೆ ಕಡೆಯ ಸೋರೆಬುರುಡೆ ಇಲ್ಲಿ ನಾದದ ಕೊಡವಾಯಿತು. ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಇದೇ ಊರಿನಲ್ಲಿ. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು.

ದಂತ ಮರೆಯಾದದ್ದಕ್ಕೆ ಕಾನೂನು ಒಂದು ಕಾರಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರ ತಿದ್ದುಪಡಿ ಆಫ್ರಿಕಾದ ದಂತಕ್ಕೂ ಬಾಗಿಲು ಮುಚ್ಚಿತು. ಬದಲಿ ವಸ್ತು ಮಾತ್ರ ಅದಕ್ಕಿಂತ ಬಹಳ ಹಳೆಯದು. ದಂತದ ಬಿಲಿಯರ್ಡ್ಸ್ ಚೆಂಡಿಗೆ ಪರ್ಯಾಯ ಹುಡುಕುತ್ತಿದ್ದ ಅಮೆರಿಕದ ಜಾನ್ ವೆಸ್ಲಿ ಹಯಟ್ 1870ರಲ್ಲಿ ಸೆಲ್ಯುಲಾಯ್ಡ್‌ಗೆ ಪೇಟೆಂಟ್ ಪಡೆದಿದ್ದ.

ಅದೇ ಸೆಲ್ಯುಲಾಯ್ಡ್ ಗಿಟಾರಿಗೂ ಬಂತು. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರ್‌ನ ಎದೆಯ ಮೇಲೆ ಒಂದೇ ಪದರದ ಬಿಳಿ ಪ್ಲಾಸ್ಟಿಕ್ ಫಲಕವಿತ್ತು. 1959ರಲ್ಲಿ ಮೂರು ಪದರದ ಸೆಲ್ಯುಲಾಯ್ಡ್ ಫಲಕ ಬಂತು. ವರ್ಷಗಳು ಕಳೆದಂತೆ ಅದು ಕುಗ್ಗುತ್ತದೆ, ಬಿರುಕು ಬಿಡುತ್ತದೆ, ಹಸಿರಿಗೆ ತಿರುಗುತ್ತದೆ. ಹಾಗಾದಾಗ ಹಳೆಯ ಫಲಕವನ್ನೇ ಅಚ್ಚಾಗಿಟ್ಟು ಹಾಳೆಯ ಮೇಲೆ ಗೆರೆ ಎಳೆದು, ಸಣ್ಣ ಗರಗಸದಿಂದ ಕತ್ತರಿಸಿ, ಅಂಚನ್ನು ಓರೆಯಾಗಿ ಉಜ್ಜಿ ಮನೆಯಲ್ಲೇ ಹೊಸದನ್ನು ಮಾಡಿಕೊಳ್ಳುವವರುಂಟು. ಇದರಿಂದ ನಾದಕ್ಕೆ ಹೆಚ್ಚಿನ ಬಾಧಕವಿಲ್ಲ. ಲೋಹದ ತಂತಿಯ ಕಂಪನವನ್ನು ಹಿಡಿಯುವುದು ಅಯಸ್ಕಾಂತ ಮತ್ತು ಸುರುಳಿ. ಪ್ಲಾಸ್ಟಿಕ್ ಅವುಗಳಿಗೆ ಅಡ್ಡಿಯಾಗದು.

ತಂಬೂರಿಯ ಕಥೆ ಬೇರೆ. ಹೂಬಳ್ಳಿ ಪ್ಲಾಸ್ಟಿಕ್ಕಿನದಾದರೆ ಕಿವಿಗೆ ತಿಳಿಯದು. ಆದರೆ ತಂತಿ ಕೂರುವ ಕುದುರೆ ಹಾಗಲ್ಲ. ಅದರ ನವಿರಾದ ಇಳಿಜಾರು, ತಂತಿಯಡಿಯ ನೂಲಿನ ಎಳೆ, ಇವೆರಡೂ ಸೇರಿದಾಗಲೇ ‘ಜವಾರಿ’ ಮೊಳಗುವುದು. ಹಿಂದೆ ಬಳಸುತ್ತಿದ್ದ ಜಿಂಕೆಯ ಕೊಂಬನ್ನೂ ಈಗ ಮಾರುವಂತಿಲ್ಲ. ಮೂಳೆ, ಕರಿಮರ, ಕೃತಕ ವಸ್ತುಗಳಲ್ಲಿ ಕುದುರೆ ತಯಾರಾಗುತ್ತಿದೆ. ತಂತಿ ಉಜ್ಜಿ ಗೆರೆ ಬಿದ್ದರೆ ನಾದ ಮಂಕಾಗುತ್ತದೆ. ಆಗ ಮತ್ತೆ ಅರ ಹಿಡಿದು, ಕಿವಿಗೊಟ್ಟು, ಕೂದಲೆಳೆಯಷ್ಟು ಉಜ್ಜಬೇಕು.

ವಸ್ತುವಿಗೆ ಬದಲಿ ಸಿಕ್ಕಿದೆ. ಉಜ್ಜುವುದನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಕಿವಿಗೆ ಬದಲಿಯಿಲ್ಲ. ಮುಂದಿನ ತಲೆಮಾರಿಗೆ ದಾಟಬೇಕಾದದ್ದು ಅದು.